ಮೇಡಂ ಅವರ ಅಕ್ಷರ

ಹನ್ನೊಂದು ಗಂಟೆಯ ಟಪಾಲಿನಲ್ಲಿ ಅಕ್ಕನ ಕಾಗದ ಬಂದಿತ್ತು. ಅವನು ಅದನ್ನು ಒಡೆಯಲಿಲ್ಲ. ಉಳಿದ ಮೂವತ್ತೆರಡು ಲಕೋಟೆಗಳ ಅಂಚನ್ನು ಎಂದಿನಂತೆ ಕತ್ತರಿಯಿಂದ ಸೀಳಿ, ಒಳಗಿನದನ್ನು ಬಿಡಿಸಿ, ಲಕೋಟೆಯ ಸಮೇತ ಗುಂಡುಸೂಜಿ ಚುಚ್ಚಿ ಎಡಗಡೆ ಪೇರಿಸಿದ. ಅಕ್ಕನದನ್ನು ಮಾತ್ರ ಶಾಯಿ ಬಾಟಲಿಗೆ ಒರಗಿಸಿ ನಿಲ್ಲಿಸಿದ. ವಿಳಾಸ ಅವನದಲ್ಲ, ಮೇಡಂ ಅವರದು. ಅಕ್ಕ ಹನ್ನೊಂದು ವರ್ಷಗಳಿಂದ ಬರೆಯುತ್ತಿರುವುದು ಮೇಡಂ ಅವರಿಗೇ. ಆದರೆ ಈ ಸಲ ಲಕೋಟೆ ತೆಳ್ಳಗಿತ್ತು. ಅಕ್ಕ ಬರೆದರೆ ಕಡಿಮೆಯೆಂದರೆ ನಾಲ್ಕು ಹಾಳೆ, ಎರಡೂ ಮಗ್ಗುಲು. ಇದರಲ್ಲಿ ಒಂದು ಹಾಳೆಗಿಂತ ಹೆಚ್ಚಿರಲಾರದು. ಬೆಳಕಿಗೆ ಹಿಡಿದು ನೋಡಿದ. ಅಂಟಿಸಿದ ಕಡೆ ಗೋಂದು ಎರಡು ಸಲ ಬಳಿದಂತೆ ಉಬ್ಬಿಕೊಂಡಿತ್ತು. ಯಾರಾದರೂ ದಾರಿಯಲ್ಲಿ ಒಡೆದು ಓದಿ ಮತ್ತೆ ಅಂಟಿಸಿದರೋ, ಇಲ್ಲ ಅಕ್ಕನೇ ಅಂಟಿಸಿದ ಮೇಲೆ ಮನಸ್ಸು ತಡೆಯದೆ ಬಿಚ್ಚಿ ಒಂದು ಸಾಲು ಸೇರಿಸಿದಳೋ? ಟಪಾಲು ತಂದುಕೊಟ್ಟ ಗೇಟಿನ ಕಾವಲುಗಾರ ಇವತ್ತು ಬಾಗಿಲಲ್ಲಿ ಒಂದು ಗಳಿಗೆ ಹೆಚ್ಚೇ ನಿಂತಿದ್ದ. "ಬಿಸಿಲು ಜಾಸ್ತಿ ಅಲ್ವಾ ಸಾರ್" ಎಂದಿದ್ದ. ಇಷ್ಟು ವರ್ಷ ಬಿಸಿಲಿನ ಸುದ್ದಿ ಎತ್ತದವನು ಇವತ್ತು ಯಾಕೆ ಎತ್ತಿದ? ಇವತ್ತು ಗುರುವಾರ, ಭಾನುವಾರ ಮತದಾನ. ಈ ಮೂರು ವಾರಗಳಿಂದ ಅವನಿಗೆ ಎಲ್ಲರ ಎಲ್ಲ ಮಾತಿನ ಹಿಂದೆಯೂ ಇನ್ನೊಂದು ಮಾತು ಅಡಗಿ ಕುಳಿತಂತೆ ಕಾಣುತ್ತಿತ್ತು.

ಅವನ ಕೆಲಸಕ್ಕೆ ಹೆಸರಿರಲಿಲ್ಲ. ಮನೆಯಲ್ಲಿ ಎಲ್ಲರೂ ಕಾಗದದವರು ಎನ್ನುತ್ತಿದ್ದರು. ಮೇಡಂ ನಲವತ್ತು ವರ್ಷ ಸಿನಿಮಾಗಳಲ್ಲಿ ತಾಯಿಯ ಪಾತ್ರ ಮಾಡಿದವರು. ತೆರೆಯ ಮೇಲೆ ಅವರು ಎಷ್ಟು ಮಕ್ಕಳಿಗಾಗಿ ಅತ್ತಿದ್ದರೆಂದರೆ, ಜನ ತಮ್ಮ ಹೆತ್ತ ತಾಯಿಗೆ ಹೇಳಲಾಗದ್ದನ್ನೆಲ್ಲ ಅವರಿಗೆ ಬರೆದು ಹಗುರಾಗುತ್ತಿದ್ದರು. ಕುಡಿಯುವ ಗಂಡ, ಮಾತು ಬಿಟ್ಟ ಮಗಳು, ಡಾಕ್ಟರು ಬಾಯಿಬಿಟ್ಟು ಹೇಳದ ಕಾಯಿಲೆ. ಅಷ್ಟಕ್ಕೂ ಉತ್ತರ ಬರೆಯುವವನು ಅವನು, ಮೇಡಂ ಅವರ ಅಕ್ಷರದಲ್ಲಿ, ಮೇಡಂ ಅವರ ಸಹಿ ಹಾಕಿ. ಇಪ್ಪತ್ತಾರು ವರ್ಷಗಳ ಹಿಂದೆ, ಸೇರಿದ ಹೊಸದರಲ್ಲಿ, ಅವರು ಬರೆದ ನಾಲ್ಕು ಸಾಲು ಎದುರಿಗಿಟ್ಟುಕೊಂಡು ತಿಂಗಳುಗಟ್ಟಲೆ ತಿದ್ದಿದ್ದ: ಬಲಕ್ಕೆ ವಾಲಿದ, ಒತ್ತಕ್ಷರದ ಬಾಲವನ್ನು ಉದ್ದಕ್ಕೆ ಎಳೆದು ಬಿಡುವ ಅಕ್ಷರ. ಈಗ ಮೇಡಂ ತಾವೇ ಏನಾದರೂ ಬರೆದರೆ ಅದೇ ನಕಲಿನ ಹಾಗೆ ಕಾಣುತ್ತದೆ. ಬರೆದವರೊಬ್ಬೊಬ್ಬರಿಗೂ ಅವನು ಒಂದೊಂದು ಚೀಟಿ ಇಟ್ಟಿದ್ದ. ಮಗುವಿನ ಹೆಸರು, ಆಪರೇಷನ್ ಆದ ತಿಂಗಳು, ಸತ್ತ ನಾಯಿ. ಉತ್ತರದ ಮೊದಲ ಸಾಲು ಆ ಚೀಟಿಯಿಂದಲೇ ಬರಬೇಕು, ಆಗ ಓದುವವರ ಗಂಟಲು ಕಟ್ಟುತ್ತದೆ. ಮತ್ತೆ ಅವನದೊಂದು ಕಟ್ಟುನಿಟ್ಟು ಇತ್ತು: ಹೀಗೆ ಮಾಡಿ, ಹಾಗೆ ಮಾಡಿ ಎಂದು ಯಾರಿಗೂ ಬರೆಯಬಾರದು. ಅದರಲ್ಲೂ ಮದುವೆ, ಮನೆ ಪಾಲು, ಓಟು, ಈ ಮೂರರ ಸುದ್ದಿಗೇ ಹೋಗಬಾರದು. ಹೋದ ವರ್ಷ ಬ್ಯಾಂಕಿನಲ್ಲಿ ಅವನ ಸ್ವಂತ ಸಹಿ ಹೊಂದಲಿಲ್ಲ. ಕೌಂಟರಿನ ಹುಡುಗಿ ಆರು ಸಲ ಮಾಡಿಸಿದಳು, ಆರೂ ಬಲಕ್ಕೆ ವಾಲಿದವು. "ಅವಸರ ಏನಿಲ್ಲ ಸಾರ್, ನಿಮ್ಮ ಹೆಸರು ತಾನೆ, ನೆನಪು ಮಾಡ್ಕೊಂಡು ಬರೀರಿ" ಎಂದಳು. ಹಿಂದೆ ಸಾಲಿನಲ್ಲಿ ನಿಂತ ಯಾರೋ ನಕ್ಕರು. ಕೊನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರು. ಆ ನೀಲಿ ಬಣ್ಣ ಎರಡು ದಿನ ಹೋಗಿರಲಿಲ್ಲ, ಊಟ ಮಾಡುವಾಗ ಹೆಂಡತಿ ನೋಡದ ಹಾಗೆ ಬೆರಳು ಮಡಚಿಕೊಂಡಿದ್ದ.

ಅಕ್ಕನ ಮೊದಲ ಕಾಗದವೂ ಇದೇ ಮೇಜಿಗೆ ಇದೇ ಹನ್ನೊಂದು ಗಂಟೆಗೇ ಬಂದದ್ದು. ಅವಳಾಗ ತಾನಿರುವ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಒತ್ತುವ ಯಂತ್ರಗಳ ಮೇಲ್ವಿಚಾರಣೆಗಿದ್ದಳು. ಒಂದು ದಿನ ಯಂತ್ರ ಒಬ್ಬ ಹುಡುಗಿಯ ಮೂರು ಬೆರಳು ತೆಗೆಯಿತು. ಹುಡುಗಿಯದೇ ಅಜಾಗರೂಕತೆ ಎಂದ ಮಾಲೀಕ. ಕೆಲಸ ಬೇಗ ಸಾಗಲೆಂದು ಯಂತ್ರದ ಮುಂದಿನ ತಡೆಹಲಗೆ ಬಿಚ್ಚಿಸಿದ್ದರು, ನಾನೇ ಕಣ್ಣಾರೆ ಕಂಡಿದ್ದೇನೆ ಎಂದು ಅಕ್ಕ ವಿಚಾರಣೆಯಲ್ಲಿ ಎದ್ದು ನಿಂತು ಹೇಳಿದಳು. ಸುದ್ದಿ ಕೇಳಿ ಅವನು ಬಸ್ಸು ಹಿಡಿದು ಓಡಿದ್ದ. "ನಿನಗ್ಯಾಕೆ ಅಕ್ಕ ಊರ ಉಸಾಬರಿ? ಸರಿಯಾಗಿ ನೋಡಿಲ್ಲ ಅಂತ ಬರೆದುಕೊಟ್ಟುಬಿಡು. ಮೊದಲು ಹೊಟ್ಟೆಪಾಡು ನೋಡ್ಕೋ" ಎಂದಿದ್ದ. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು, ಮಡಚುತ್ತಲೇ "ನೀನು ನೋಡಿಲ್ಲ ಕಣೋ, ನಾನು ನೋಡಿದೀನಿ" ಎಂದಳು. ಕೆಲಸ ಹೋಯಿತು. ಒಂದು ತಿಂಗಳಿಗೆ ಈ ಮೇಜಿನ ಮೇಲೆ ಅವಳ ಕಾಗದ. ನಡೆದದ್ದೆಲ್ಲ ಬರೆದು, ಒಡಹುಟ್ಟಿದ ತಮ್ಮನೇ ಬೇಡ ಎಂದ, ನಾನು ಮಾಡಿದ್ದು ತಪ್ಪಾ ಅಮ್ಮಾ ಎಂದು ಕೇಳಿದ್ದಳು. ಕೊನೆಗೆ, ಅವನು ನಿಮ್ಮ ಆಫೀಸಿನಲ್ಲೇ ಇದ್ದಾನೆ, ಲೆಕ್ಕಪತ್ರ ನೋಡಿಕೊಳ್ಳುತ್ತಾನಂತೆ, ದಯವಿಟ್ಟು ಅವನಿಗೆ ತೋರಿಸಬೇಡಿ ಎಂದು ಅಡಿಗೆರೆ ಎಳೆದಿದ್ದಳು. ಲೆಕ್ಕಪತ್ರ ಎಂದು ಅವನೇ ಹೇಳಿದ್ದ. ಗಂಡಸಾಗಿ ಹೆಂಗಸಿನ ಅಕ್ಷರ ಬರೆದು ಬದುಕುತ್ತೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿತ್ತು. ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಉತ್ತರಿಸಿದ: ನೀವು ಕಂಡದ್ದನ್ನು ಹೇಳಿದ್ದೀರಿ, ಅದರಲ್ಲಿ ತಪ್ಪೇನೂ ಇಲ್ಲ, ನಿಮ್ಮ ಜಾಗದಲ್ಲಿ ನಿಲ್ಲುವ ಧೈರ್ಯ ನನಗಿರುತ್ತಿತ್ತೋ ಇಲ್ಲವೋ. ಬರೆದದ್ದನ್ನು ತಾನೇ ಓದಿ ಬೆರಗಾಗಿದ್ದ. ಆ ಅಕ್ಷರದಲ್ಲಿ ಅವನು ಒಳ್ಳೆಯವನಾಗಿದ್ದ. ಆಮೇಲಿನ ಹನ್ನೊಂದು ವರ್ಷ ಅಕ್ಕ ಫೋನಿನಲ್ಲಿ ತಮ್ಮನ ಜೊತೆ ಮಳೆ, ಬಸ್ಸು, ಔಷಧಿ ಎಂದು ಎರಡು ನಿಮಿಷ ಮಾತಾಡಿದಳು. ಕಾಗದದಲ್ಲಿ ಮೇಡಂ ಜೊತೆ ಬದುಕಿದಳು. ಒಂದು ಸಲ, ನನ್ನ ತಮ್ಮನಿಗೆ ಬೆನ್ನುನೋವು, ಹೇಳಿಕೊಳ್ಳುವ ಪೈಕಿ ಅಲ್ಲ, ಅವನಿಗೊಂದು ಒಳ್ಳೆಯ ಕುರ್ಚಿ ಕೊಡಿಸಿ ಎಂದು ಬರೆದಿದ್ದಳು. ಕೊಡಿಸಿದ್ದೇನೆ ಎಂದು ಅದೇ ಹಳೆಯ ಕುರ್ಚಿಯಲ್ಲಿ, ಬೆನ್ನ ಹಿಂದೆ ಮಡಚಿದ ಟವೆಲು ಇಟ್ಟುಕೊಂಡು, ಉತ್ತರ ಬರೆದಿದ್ದ.

ಆ ಮಾಲೀಕ ಈಗ ಅಕ್ಕನ ಊರಿನಿಂದ ಚುನಾವಣೆಗೆ ನಿಂತಿದ್ದ. ಅವನ ಹೆಸರು ಪಕ್ಷದ ಪ್ರಚಾರದವನು ತಂದ ಅಭ್ಯರ್ಥಿಗಳ ಪಟ್ಟಿಯಲ್ಲಿ ಹದಿನಾಲ್ಕನೆಯ ಸಾಲಿನಲ್ಲಿತ್ತು. ಪ್ರಚಾರದವನು ಮೊದಲು ಟೂತ್‌ಪೇಸ್ಟು ಮಾರುತ್ತಿದ್ದನಂತೆ, ಅದನ್ನು ಅವನೇ ನಗುತ್ತ ಹೇಳಿಕೊಳ್ಳುತ್ತಿದ್ದ. ಐವತ್ತು ದಾಟಿದ, ಶೂಗಳು ಸದ್ದೇ ಮಾಡದ ಮನುಷ್ಯ. ಒಬ್ಬ ಕುಸ್ತಿಪಟು, ಒಬ್ಬ ಹಾಡುಗಾರ, ಇಬ್ಬರು ಹಾಸ್ಯನಟರು ಆಗಲೇ ಅವನ ಜೇಬಿನಲ್ಲಿದ್ದರು. ಎದುರು ಪಕ್ಷದ ಕಡೆಗೂ ಅಷ್ಟೇ ಜನ, ಅವರನ್ನು ಹಿಡಿದವನು ಇವನ ಹಳೆಯ ಕಂಪನಿಯ ಸ್ನೇಹಿತನೇ ಅಂತೆ. ಮೇಡಂ ಒಂದು ಅಂಗಡಿಯ ಉದ್ಘಾಟನೆಗೆ ಹೋಗಿದ್ದಾಗ ಯಾವನೋ ಮೈಕು ಹಿಡಿದು ಈ ಸಲ ಯಾರು ಬರಬೇಕು ಎಂದು ಕೇಳಿದ್ದ. ಮೇಡಂ ಮೆಟ್ಟಿಲು ನೋಡಿಕೊಂಡು ಇಳಿಯುತ್ತ, "ಯಾರೋ ಒಳ್ಳೆಯವರು ಬರಲಿ ಬಿಡಪ್ಪ" ಎಂದು ಕಾರು ಹತ್ತಿದ್ದರು. ಮೂರನೆಯ ದಿನ ಊರ ಗೋಡೆಗಳ ತುಂಬ ಮೇಡಂ ಅವರ ಮುಖ, ಕೆಳಗೆ "ಒಳ್ಳೆಯವರು ಬರಲಿ", ಅದರ ಕೆಳಗೆ ಪಕ್ಷದ ಗುರುತು. "ಯಾರೋ" ಎಂಬುದೂ "ಬಿಡಪ್ಪ" ಎಂಬುದೂ ದಾರಿಯಲ್ಲೇ ಉದುರಿಹೋಗಿದ್ದವು. ಟೀವಿಯಲ್ಲಿ ನಾಲ್ಕು ಜನ ಕೂತು ಹಿರಿಯ ನಟಿ ಇದ್ದಕ್ಕಿದ್ದಂತೆ ಮೌನ ಮುರಿದದ್ದು ಏಕೆ ಎಂದು ಒಂದು ಗಂಟೆ ಚರ್ಚಿಸಿದರು. ಮೇಡಂ ಸಿಟ್ಟಾಗುತ್ತಾರೆ ಎಂದು ಅವನು ಎರಡು ದಿನ ಕಾದ. ಮೂರನೆಯ ದಿನ ಹಜಾರದಲ್ಲಿ ಪ್ರಚಾರದವನು ಕೂತು ಕಾಫಿ ಕುಡಿಯುತ್ತಿದ್ದ.

"ಸಾರ್, ಅಚ್ಚು ಹಾಕಿದ್ದನ್ನ ಜನ ಬುಟ್ಟಿಗೆ ಹಾಕ್ತಾರೆ. ಕೈಬರಹ ಎದೆಗೆ ಒತ್ಕೋತಾರೆ" ಎಂದ ಪ್ರಚಾರದವನು, ಅವನ ಮೇಜಿನ ಅಂಚಿಗೆ ಆನಿಕೊಂಡು. "ಮುನ್ನೂರು ಕಾಗದ ಸಾಕು. ಒಂದೊಂದು ಊರಲ್ಲಿ ನಾಕು ಜನ ನಂಬುವಂಥೋರು. ಮಿಕ್ಕಿದ್ದನ್ನ ಅವರ ಬಾಯೇ ಮಾಡುತ್ತೆ. ನಿಮ್ಮ ಹತ್ರ ಚೀಟಿಗಳಿವೆಯಂತಲ್ಲ?" ಚೀಟಿಗಳ ವಿಷಯ ಇವನಿಗೆ ಯಾರು ಹೇಳಿದರು? ಆ ಡ್ರಾಯರಿನ ಬೀಗದ ಕೈ ಅವನ ಹತ್ತಿರ ಒಂದು, ಮೇಡಂ ಹತ್ತಿರ ಒಂದು. ಕಾಗದವನ್ನು ಪ್ರಚಾರದವನೇ ಬರೆದು ತಂದಿದ್ದ, ಚೆನ್ನಾಗಿಯೇ ಬರೆದಿದ್ದ, ಅದೇ ಹೊಟ್ಟೆ ಉರಿಸಿದ್ದು. ನಾನು ನಿಮ್ಮಲ್ಲಿ ಯಾವತ್ತೂ ಏನನ್ನೂ ಕೇಳಿದವಳಲ್ಲ, ಇವತ್ತು ಒಂದೇ ಒಂದು ಕೇಳುತ್ತೇನೆ. ಆಮೇಲೆ ಆಯಾ ಊರಿನ ಅಭ್ಯರ್ಥಿಯ ಹೆಸರು, ಅವನ ಗುಣಗಾನ ಎರಡು ಸಾಲು. ಅವನು ಆ ಹಾಳೆ ಇಸಿದುಕೊಂಡು ಒಳಗೆ ಹೋದ. ಮೇಡಂ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟುಕೊಂಡು ಇಸ್ಪೀಟು ಎಲೆ ಜೋಡಿಸುತ್ತಿದ್ದರು.

"ನಾನೇನು ಹೇಳಿದೀನಿ, ಓದಿ ನೋಡೋಣ" ಎಂದರು.

ಓದಿದ. ಮೇಡಂ ಎಲೆ ಕೆಳಗಿಟ್ಟು ಕಣ್ಣು ಮುಚ್ಚಿ ಕೇಳಿದರು. ತುಟಿ ಒಂದೆರಡು ಕಡೆ ತಾನಾಗಿ ಅಲುಗಿತು. "ಚೆನ್ನಾಗಿ ಹೇಳಿದೀನಿ. ಆ 'ಒಂದೇ ಒಂದು' ಇದೆಯಲ್ಲ, ಅಲ್ಲಿ ಸ್ವಲ್ಪ ನಿಲ್ಲಿಸಬೇಕು" ಎಂದರು. ನೀವು ಒಪ್ಪಿದ್ದೀರಾ ಎಂದು ಕೇಳಬೇಕೆಂದು ಅವನ ನಾಲಗೆಯ ತುದಿಯವರೆಗೆ ಬಂತು. ಕೇಳಿದರೆ, ಒಪ್ಪಿದ್ದೇನೆ ಎನ್ನಬಹುದು. ಆಗ ಮಾಡಲು ಏನೂ ಉಳಿಯುವುದಿಲ್ಲ. ಇಲ್ಲ ಎನ್ನಲೂಬಹುದು, ಆಗ ಏನಾದರೂ ಮಾಡಲೇಬೇಕಾಗುತ್ತದೆ. ನೀರು ಆರುತ್ತಿದೆ, ಬಿಸಿ ತರಲು ಹೇಳಲೇ ಎಂದು ಕೇಳಿ ಹೊರಗೆ ಬಂದ.

ದಿನಕ್ಕೆ ನಲವತ್ತರಂತೆ ಬರೆದ. ಬರೆಯುತ್ತ ಬರೆಯುತ್ತ ಯೋಚನೆ ನಿಂತಿತು, ಕೈ ತನ್ನ ಪಾಡಿಗೆ ಓಡಿತು. ಅದೇ ಅವನಿಗೆ ಗೊತ್ತಿದ್ದ ಸುಖ. ಆರನೆಯ ದಿನ ಅಕ್ಕನ ಚೀಟಿ ಕೈಗೆ ಬಂತು. ಬದಿಗಿಟ್ಟ. ಒಂದು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡ. ಮುಂದಿನ ಚೀಟಿ ಅಕ್ಕನ ಪಕ್ಕದ ಮನೆಯ ಟೈಲರಮ್ಮನದು. ಅಕ್ಕನ ಕಾಗದಗಳನ್ನು ನೋಡಿ ಹೊಟ್ಟೆಕಿಚ್ಚಿಗೆ ಬರೆಯತೊಡಗಿದ ಹೆಂಗಸು. ಅವಳಿಗೆ ಬರೆದ. ಬರೆದು ಮುಗಿಸಿ ಲಕೋಟೆಗೆ ಹಾಕುವಾಗ ಕಸಿವಿಸಿಯಾಯಿತು. ಟೈಲರಮ್ಮ ಇದನ್ನು ಹಿಡಿದುಕೊಂಡು ಮೊದಲು ಓಡುವುದೇ ಅಕ್ಕನ ಮನೆಗೆ. ನಿನಗೆ ಬಂದಿಲ್ಲವಾ ಎಂದು ಕೇಳುತ್ತಾಳೆ. ಬಂದಿಲ್ಲ ಎಂದಾಗ ಅಕ್ಕನ ಮುಖ ಹೇಗಾಗುತ್ತದೆ? ಮೇಡಂ ತನ್ನನ್ನು ಮರೆತರು ಎಂದುಕೊಳ್ಳುತ್ತಾಳೆ. ಅಥವಾ, ಇದು ಇನ್ನೂ ಕೆಟ್ಟದ್ದು, ಎಲ್ಲರಿಗೂ ಬಂದು ನನಗೊಬ್ಬಳಿಗೇ ಬರದಂತೆ ತಡೆದವರು ಯಾರು, ನಾನು ಯಾರೆಂದು ತಿಳಿದವರು ಆ ಆಫೀಸಿನಲ್ಲಿ ಯಾರಿದ್ದಾರೆ ಎಂದು ಯೋಚಿಸುತ್ತಾಳೆ. ಹಾಗೆ ಯೋಚಿಸಿದರೆ ಅವಳಿಗೆ ತಮ್ಮನ ಹೆಸರು ಹೊಳೆಯಲು ಎರಡು ನಿಮಿಷ ಸಾಕು. ಬದಿಗಿಟ್ಟ ಚೀಟಿಯನ್ನು ಮತ್ತೆ ಎಳೆದುಕೊಂಡ. ಮೊಣಕಾಲು ನೋವು ಈಗ ಹೇಗಿದೆ, ಮೆಟ್ಟಿಲು ಹತ್ತುವಾಗ ಇನ್ನೂ ಹಿಡಿದುಕೊಳ್ಳುತ್ತದೆಯಾ ಎಂದು ಶುರುಮಾಡಿದ. ಆಮೇಲೆ ಹೊಸ ಸಾಲಿನಿಂದ, ಆ ಮಾಲೀಕನ ಹೆಸರು, ಕಾರ್ಮಿಕರ ನೋವು ಬಲ್ಲವರು ಎಂಬ ಮಾತು, ಅವರ ಕೈ ಬಲಪಡಿಸಿ ಎಂಬ ಮಾತು. ಕೈ ಎಂದು ಬರೆಯುವಾಗಲೂ ಅಕ್ಷರ ಒಂದಿಷ್ಟೂ ಅಲುಗಲಿಲ್ಲ. ಅವನನ್ನು ಇವತ್ತಿಗೂ ಹಿಂಡುವುದು ಅದೇ, ಅಕ್ಷರ ಅಲುಗದೇ ಇದ್ದದ್ದು.

ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದ. ಲಕೋಟೆ ಇನ್ನೂ ಬಾಟಲಿಗೆ ಒರಗಿತ್ತು. ಒಂದೇ ಹಾಳೆ. ಬೈದಿದ್ದರೆ ನಾಲ್ಕು ಹಾಳೆ ಬೇಕಿತ್ತು. ಒಪ್ಪಿದ್ದರೆ? ಅಮ್ಮ ಹೇಳಿದ ಮೇಲೆ ಆಯಿತು, ಅವನಿಗೇ ಹಾಕುತ್ತೇನೆ ಎಂದು ಬರೆದಿದ್ದರೆ? ಅದಕ್ಕೆ ಒಂದು ಹಾಳೆ ಧಾರಾಳ. ಅದನ್ನು ಓದುವುದಕ್ಕಿಂತ ಬೈಗುಳ ವಾಸಿ ಎನ್ನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು. ಪ್ರಚಾರದವನ ಶೂಗಳು ಎಂದಿನಂತೆ ಸದ್ದು ಮಾಡಿರಲಿಲ್ಲ.

"ಉತ್ತರಗಳು ಬರ್ತಾ ಇರಬೇಕಲ್ಲ ಸಾರ್? ನಾಕು ಒಳ್ಳೇದು ಕೊಡಿ. ಅಭಿಮಾನಿಗಳ ಮನದಾಳ ಅಂತ ನಾಳೆ ಪೇಪರಿಗೆ ಹಾಕಿಸ್ತೀನಿ."

"ಇನ್ನೂ ನೋಡಿಲ್ಲ" ಎಂದ.

"ನೋಡೋದೇನು, ಕೊಡಿ, ನಾನೇ ಆರಿಸ್ಕೋತೀನಿ" ಎನ್ನುತ್ತ ಪ್ರಚಾರದವನ ಕೈ ಪೇರಿಸಿದ ರಾಶಿಯನ್ನು ಬಿಟ್ಟು ನೇರವಾಗಿ ಶಾಯಿ ಬಾಟಲಿಯ ಹತ್ತಿರಕ್ಕೆ ಹೋಯಿತು. "ಇದೊಂದನ್ನ ಯಾಕೆ ಒಡೆದಿಲ್ಲ?" ಲಕೋಟೆ ತಿರುಗಿಸಿ ಊರಿನ ಹೆಸರು ಓದಿದ, ಹುಬ್ಬು ಏರಿತು. "ಓ, ಹದಿನಾಲ್ಕನೇದು. ಅಲ್ಲಿ ಸ್ವಲ್ಪ ಕಷ್ಟ ಇದೆ ನಮ್ಮವರಿಗೆ. ಹಳೇದೇನೋ ಒಂದು ಕೇಸಂತೆ, ಯಾರೋ ಹೆಂಗಸು ಎಲ್ಲೆಲ್ಲೂ ಹೇಳ್ಕೊಂಡು ತಿರುಗ್ತಾಳಂತೆ. ಅಲ್ಲಿಂದ ಒಂದು ಒಳ್ಳೇ ಕಾಗದ ಸಿಕ್ಕಿಬಿಟ್ರೆ..." ಅವನ ಉಗುರು ಆಗಲೇ ಅಂಟಿನ ಅಡಿಗೆ ಹೋಗಿತ್ತು. ಯಾರೋ ಹೆಂಗಸು. ಇವನಿಗೆ ಗೊತ್ತಿದೆಯೇ? ಗೊತ್ತಿದ್ದೇ ಬಂದನೇ? ಅವಳ ಚೀಟಿಯ ಬೆನ್ನಿಗೆ ತಾನೇ ಪೆನ್ಸಿಲಿನಲ್ಲಿ ಅಕ್ಕ ಎಂದು ಬರೆದಿದ್ದುಂಟು. ಕುರ್ಚಿ ಕಿರುಗುಟ್ಟಿತು. ಎದ್ದದ್ದು ತಾನೇ ಎಂದು ಅವನಿಗೆ ಆಮೇಲೆ ತಿಳಿಯಿತು. ಲಕೋಟೆಯನ್ನು ಕಸಿದು ಬೆನ್ನ ಹಿಂದೆ ಹಿಡಿದುಕೊಂಡಿದ್ದ. "ಇದು ನಮ್ಮ ಮನೆಯದು" ಎಂದ.

ಪ್ರಚಾರದವನು ಅವನನ್ನು ಹೊಸದಾಗಿ ನೋಡಿದ. ಸಿಟ್ಟಾಗಲಿಲ್ಲ. "ಮನೇದಾ? ಮೇಡಂ ಹೆಸರಿಗಿದೆ" ಎಂದು ನಕ್ಕ. "ಇರಲಿ ಬಿಡಿ. ಸಂಜೆ ಬರ್ತೀನಿ, ನಾಕು ತೆಗೆದಿಟ್ಟಿರಿ" ಎಂದು ಬಾಗಿಲವರೆಗೆ ಹೋಗಿ, ತಿರುಗಿ, "ಬೆನ್ನಿಗೆ ಟವೆಲು ಯಾಕೆ ಸಾರ್, ಒಂದು ಒಳ್ಳೇ ಕುರ್ಚಿ ಕಳಿಸ್ಲಾ?" ಎಂದ. ಅವನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಬರೀ ಸೌಜನ್ಯವಿರಬಹುದು. ಕುರ್ಚಿ ಕಾಣುವಂತೆಯೇ ಇತ್ತಲ್ಲ. ಆದರೂ ಹೊರಗಿನ ಗೇಟು ತೆಗೆದು ಹಾಕಿದ ಸದ್ದು ಕೇಳುವ ತನಕ ಅವನು ಕೂರಲಿಲ್ಲ. ಆಮೇಲೆ ಬಾಗಿಲಿಗೆ ಚಿಲಕ ಹಾಕಿ ಲಕೋಟೆ ಒಡೆದ.

ಪೂಜ್ಯ ಅಮ್ಮನವರಿಗೆ, ಎಂದು ಶುರುವಾಗಿತ್ತು. ನಿಮ್ಮ ಹೆಸರಿನಲ್ಲಿ ಒಂದು ಕಾಗದ ಬಂದಿದೆ. ಅಕ್ಷರ ನಿಮ್ಮದೇ, ಸಹಿ ನಿಮ್ಮದೇ, ನನ್ನ ಮೊಣಕಾಲಿನ ವಿಷಯವೂ ಸರಿಯಾಗಿದೆ. ಆದರೆ ಇದು ನೀವು ಬರೆದದ್ದಲ್ಲ. ಯಾರೋ ಕಳ್ಳ ನಿಮ್ಮ ಅಕ್ಷರ ಕಲಿತು ಬರೆದಿದ್ದಾನೆ. ಹೇಗೆ ಗೊತ್ತಾಯಿತು ಅಂದರೆ, ಹನ್ನೊಂದು ವರ್ಷದಲ್ಲಿ ನೀವು ನನಗೆ ಹೀಗೆ ಮಾಡು ಅಂತ ಒಂದು ಸಲವೂ ಹೇಳಿಲ್ಲ. ಆ ಮನುಷ್ಯ ಯಾರು ಅಂತ ನಿಮಗೆ ಗೊತ್ತು. ಗೊತ್ತಿದ್ದೂ ಅವನಿಗೆ ಓಟು ಹಾಕು ಅನ್ನುವವರು ನೀವಲ್ಲ. ಪಕ್ಕದ ಮನೆ ಟೈಲರಮ್ಮ ತನಗೆ ಬಂದದ್ದನ್ನು ಬೀದಿಗೆಲ್ಲ ಓದಿ ಹೇಳಿದಳು. ನಾನು ನಲ್ಲಿ ಹತ್ತಿರ ನಿಂತು ಇದು ಸುಳ್ಳು ಕಾಗದ ಅಂದೆ. ಎಲ್ಲರೂ ನಕ್ಕರು. ಬೆರಳು ಹೋದ ಹುಡುಗಿಯೂ ಅಲ್ಲೇ ಇದ್ದಳು, ಅವಳು ನಗಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಶನಿವಾರ ಸಂಜೆಯೊಳಗೆ ಅಮ್ಮನವರೇ ಬರೆದು ತಿಳಿಸುತ್ತಾರೆ ಅಂತ ಎಲ್ಲರ ಮುಂದೆ ಹೇಳಿಬಿಟ್ಟಿದ್ದೇನೆ. ಟಪಾಲಿಗೆ ಹೊತ್ತಿಲ್ಲ, ಯಾರ ಕೈಲಾದರೂ ಕಳಿಸಿ. ಇನ್ನೊಂದು. ಇಷ್ಟು ವರ್ಷ ಬೇಡ ಅಂದಿದ್ದೆ, ಈಗ ಈ ಕಾಗದವನ್ನು ನನ್ನ ತಮ್ಮನಿಗೆ ತೋರಿಸಿ. ನಿಮ್ಮ ಅಕ್ಷರ ಅವನಿಗೆ ಚೆನ್ನಾಗಿ ಗೊತ್ತಿರಬೇಕು. ಕಳ್ಳನನ್ನು ಅವನು ಹುಡುಕುತ್ತಾನೆ. ಚಿಕ್ಕವನಿದ್ದಾಗಲೂ ಮನೆಯಲ್ಲಿ ಏನೇ ಕಳೆದರೂ ಅವನೇ ಹುಡುಕಿ ಕೊಡುತ್ತಿದ್ದ.

ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಕಾಗದ ಅಡ್ಡ ಹಿಡಿದು ಬರೆದ ಒಂದು ಸಾಲು: ಕುರ್ಚಿ ಕೊಡಿಸಿದ್ದೀರಿ ಅಂತ ಬರೆದಿದ್ದಿರಿ, ಅವನ ಬೆನ್ನುನೋವು ಇನ್ನೂ ಹೋಗಿಲ್ಲ ಅನ್ನಿಸುತ್ತೆ, ಮೊನ್ನೆ ಫೋನಿನಲ್ಲಿ ಮಾತಾಡ್ತಾ ಎದ್ದು ನಿಲ್ಲುವಾಗ ನರಳಿದ.

ಇದನ್ನು ಸೇರಿಸಲೆಂದೇ ಬಿಚ್ಚಿ ಎರಡನೆಯ ಸಲ ಅಂಟಿಸಿದ್ದು. ಅವನು ಆ ಒಂದು ಸಾಲನ್ನು ಹತ್ತು ಸಲ ಓದಿದ. ಗೊತ್ತಿಲ್ಲದೆ ಬರೆದದ್ದೇ? ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಬರೆದದ್ದೇ? ಚಿಕ್ಕವನಿದ್ದಾಗ ಕತ್ತರಿ, ಬಾಚಣಿಗೆ, ಅಪ್ಪನ ಕನ್ನಡಕ ಕಳೆದರೆ ಅವನೇ ಹುಡುಕಿ ಕೊಡುತ್ತಿದ್ದದ್ದು ನಿಜ. ಅಡಗಿಸಿಡುತ್ತಿದ್ದವನೂ ಅವನೇ. ಹುಡುಕಿ ಕೊಟ್ಟಾಗ ಅಪ್ಪ ತಲೆ ಸವರುತ್ತಿದ್ದರು, ಅದಕ್ಕಾಗಿ. ಅಕ್ಕ ಆಗ ಬಾಗಿಲ ಚೌಕಟ್ಟಿಗೆ ಒರಗಿ ಜಡೆಯ ತುದಿ ತಿರುವುತ್ತ ನೋಡುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಐವತ್ತು ವರ್ಷಗಳ ಮೇಲೆ ಈಗ ಅವನಿಗೆ ಆ ನೋಟದ ಮೇಲೂ ಅನುಮಾನ ಬಂತು. ಕಾಗದ ಹಿಡಿದು ಮೇಡಂ ಕೋಣೆಗೆ ಹೋದ.

ನಾಳೆಯ ಮೆರವಣಿಗೆಗಾಗಿ ಮೇಡಂ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು ಹಣೆಯ ಸುತ್ತ ಹತ್ತಿ ಕಟ್ಟಿಸಿಕೊಂಡು ಕೂತಿದ್ದರು. ಅಕ್ಕನದೆಂದು ಹೇಳದೆ ಅವನು ಅಷ್ಟನ್ನೂ ಓದಿದ. ಅಂಚಿನ ಸಾಲು ಮಾತ್ರ ಬಿಟ್ಟ. ನಲ್ಲಿಯ ಹತ್ತಿರ ಎಲ್ಲರೂ ನಕ್ಕರು ಎನ್ನುವಲ್ಲಿ ಮೇಡಂ ಕಣ್ಣಲ್ಲಿ ನೀರು ಬಂತು. ನಟನೆಯೇ ಎಂದು ದಿಟ್ಟಿಸಿ ನೋಡಿದ. ಇರಲಾರದು, ಕಣ್ಣೊರೆಸಿಕೊಂಡ ಹತ್ತಿ ಒದ್ದೆಯಾಗಿತ್ತು.

"ಪಾಪ. ಎಷ್ಟು ನಂಬಿದಾಳೆ" ಎಂದರು. "ಏನು ಉತ್ತರ ಬರೀತೀನಿ?"

"ನೀವೇ ಹೇಳಬೇಕು ಮೇಡಂ. ಇದು ನಿಮ್ಮ ಅಭಿಪ್ರಾಯವೇನಾ? ಆ ಮಾಲೀಕನ ವಿಷಯ?"

ಮೇಡಂ ಅವನನ್ನು ನೋಡಿದರು. ಬಣ್ಣ ಹಚ್ಚಿದ ಕೂದಲಿನ ಅಡಿಯಲ್ಲಿ ಮುಖ ತೀರ ಚಿಕ್ಕದಾಗಿ, ಮುದಿಯಾಗಿ ಕಂಡಿತು. "ನನಗೆ ಹೇಗೆ ಗೊತ್ತು ಕಾಗದದವರೇ? ನಲವತ್ತು ವರ್ಷ ಅವರು ಬರೆದುಕೊಟ್ಟಿದ್ದು ಹೇಳಿದೆ. ಇಪ್ಪತ್ತಾರು ವರ್ಷದಿಂದ ನೀವು ಬರೆದದ್ದೇ ನಾನು. ಈಗ ಬಂದು ನಿಮ್ಮ ಅಭಿಪ್ರಾಯ ಏನು ಅಂದ್ರೆ?" ಹಣೆಯ ಹತ್ತಿ ಸರಿಪಡಿಸಿಕೊಂಡು, "ಭಾನುವಾರ ಕಳೀಲಿ. ಆಮೇಲೆ ಅವಳಿಗೆ ಚೆನ್ನಾಗಿ ಬರೀರಿ. ಸಮಾಧಾನ ಆಗೋ ಹಾಗೆ" ಎಂದರು. ಗಡಿಯಾರ ನೋಡಿ, ಬಣ್ಣ ತೊಳೆಯುವ ಹೊತ್ತಾಯಿತೇನೋ ನೋಡು ಎಂದು ಬಣ್ಣ ಹಚ್ಚಿದವಳನ್ನು ಕೂಗಿದರು.

ಮೇಜಿಗೆ ಬಂದು ಮೇಡಂ ಅವರ ಹೆಸರು ಅಚ್ಚಾದ ಹಾಳೆ ತೆಗೆದ. ಐದು ನಿಮಿಷದ ಕೆಲಸ. ಆ ಕಾಗದ ನನ್ನದಲ್ಲ, ನಂಬಬೇಡಿ ಎಂದು ವಾಲಿದ ಅಕ್ಷರದಲ್ಲಿ ಬರೆದು ಸಹಿ ಹಾಕಿದರೆ ಅಕ್ಕ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಾಳೆ. ಆದರೆ ಅದು ಇನ್ನೊಂದು ಕಳ್ಳ ಕಾಗದ, ಅಷ್ಟೇ. ಮೇಡಂ ಹಾಗೆ ಹೇಳಿಲ್ಲ. ಒಳ್ಳೆಯ ಮಾತಾದರೆ ಕದ್ದ ಅಕ್ಷರದಲ್ಲಿ ಬರೆಯಬಹುದು, ಕೆಟ್ಟದ್ದಾದರೆ ಕೂಡದು ಎಂದು ಹನ್ನೊಂದು ವರ್ಷ ಅವನು ತನಗೆ ತಾನೇ ಹೇಳಿಕೊಂಡು ಬಂದದ್ದು ಇದಕ್ಕೇ ತಂದು ನಿಲ್ಲಿಸಿತ್ತು. ಪ್ರಚಾರದವನು ತೆರೆದದ್ದು ಅವನೇ ಕೊರೆದಿಟ್ಟ ಬಾಗಿಲು. ಇನ್ನು ತನ್ನ ಅಕ್ಷರದಲ್ಲಿ, ಬರೆದವನು ನಾನು ಎಂದು ಬರೆದರೆ? ಅಕ್ಕನ ಬೀದಿಯಲ್ಲಿ ಅವನು ಯಾರು? ಟೈಲರಮ್ಮ ಮೂಗು ಮುರಿಯುತ್ತಾಳೆ, ತಮ್ಮನ ಕೈಲಿ ಬರೆಸಿಕೊಂಡು ಬಂದಿದ್ದಾಳೆ ಎನ್ನುತ್ತಾಳೆ. ಸುಳ್ಳು ಬರೆದರೆ ನಂಬುತ್ತಾರೆ, ನಿಜ ಬರೆದರೆ ನಗುತ್ತಾರೆ. ಅಚ್ಚಿನ ಹಾಳೆಯನ್ನು ತಿರುಗಿ ಡ್ರಾಯರಿಗೆ ಹಾಕಿ, ಡಬ್ಬಿ ಸುತ್ತಿ ತಂದಿದ್ದ ಬಿಳಿ ಕಾಗದದ ಸುಕ್ಕು ತಿಕ್ಕಿ ಮುಂದಿಟ್ಟುಕೊಂಡ. ಪೆನ್ನನ್ನು ನೆಟ್ಟಗೆ ಹಿಡಿದ, ಶಾಲೆಯಲ್ಲಿ ಹಿಡಿಯುತ್ತಿದ್ದ ಹಾಗೆ. ಮೊದಲ ಎರಡು ಸಾಲು ಬಲಕ್ಕೆ ವಾಲಿದವು. ಹೊಡೆದುಹಾಕಿದ. ಮೂರನೆಯದು ಒಂದೊಂದು ಅಕ್ಷರವೂ ಬೇರೆ ಬೇರೆ ದಿಕ್ಕಿಗೆ ನೋಡುತ್ತ ಹೇಗೋ ನಿಂತಿತು. ಈ ಕಾಗದಗಳನ್ನು ಬರೆದವನು ನಾನು, ಎಂದಿತ್ತು ಅದು. ಹೆದರಿಕೆಯಾಯಿತು. ಕೆಲಸ ಹೋಗುತ್ತದೆ, ಈ ವಯಸ್ಸಿನಲ್ಲಿ ಇನ್ನೊಂದು ಸಿಗುವುದಿಲ್ಲ, ಮನೆಯಲ್ಲಿ ಏನು ಹೇಳುವುದು ಎಂಬುದೆಲ್ಲ ಸಾಲಾಗಿ ಬಂದು ಎದುರು ನಿಂತವು. ಬರೆಯುತ್ತ ಹೋದ. ಮುಗಿಸಿ ಅಕ್ಕನಿಗೆ ಫೋನು ಮಾಡಿದ. ಎಂದಿನಂತೆ ಎರಡು ನಿಮಿಷ ಮಾತಾಡುವ ದಿನ ಇವತ್ತಲ್ಲ. ಆದರೂ ಅಕ್ಕ ಏನು, ಹೇಗಿದ್ದೀಯ ಎನ್ನಲಿಲ್ಲ. ಎತ್ತಿದವಳೇ ಕೇಳಿದಳು:

"ಸಿಕ್ಕಿದ್ನೇನೋ?"

ಆ ಕಡೆ ಯಾರದೋ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು, ನಿಂತಿತು, ಮತ್ತೆ ಶುರುವಾಯಿತು.

"ಸಿಕ್ಕಿದ ಅಕ್ಕ" ಎಂದ.

ಯಾರು ಎಂದು ಅಕ್ಕ ಕೇಳಲಿಲ್ಲ. ಕೇಳುತ್ತಾಳೆ ಎಂದು ಅವನು ಕಾದ. "ಅವನಿಗೇನೂ ಮಾಡಬೇಡಿ ಅಂತ ಅಮ್ಮನವರಿಗೆ ಹೇಳು" ಎಂದಳು ಕೊನೆಗೆ. "ಹೊಟ್ಟೆಪಾಡಿಗೆ ಮಾಡಿರ್ತಾನೆ."

ಅವನಿಗೆ ಅಳು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ನುಂಗಿಕೊಂಡ.

"ಕಾಗದದ ಗತಿ ಏನೋ? ಶನಿವಾರ ಅಂದಿದೀನಿ."

"ನಾನೇ ತರ್ತೀನಿ. ನಾಳೆ ಮೊದಲನೇ ಬಸ್ಸಿಗೆ."

"ಅಮ್ಮನವರೇ ಬರೆದ್ರಾ?"

"ಇಲ್ಲ ಅಕ್ಕ. ನಾನು ಬರೆದಿದೀನಿ. ನನ್ನ ಅಕ್ಷರದಲ್ಲಿ. ನಲ್ಲಿ ಹತ್ತಿರ ನಾನೇ ನಿಂತು ಓದ್ತೀನಿ."

"ನಿನ್ನ ಅಕ್ಷರ ಇಲ್ಲಿ ಯಾರಿಗೆ ಗೊತ್ತೋ?"

"ನಿನಗೆ ಗೊತ್ತಲ್ಲ."

ಹೊಲಿಗೆ ಯಂತ್ರ ಮತ್ತೆ ನಿಂತಿತು. ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು.

"ನನಗೂ ಮರೆತುಹೋಗಿದೆ ಕಣೋ" ಎಂದಳು. "ತಗೊಂಡು ಬಾ, ನೋಡೋಣ."